ಬಡಾವಣೆ ನಡುವೆ ಉಳಿದ ಹಳ್ಳಿ ಮನೆ: ನಮ್ಮ ಏರಿಯಾದ ಹೆಂಚಿನ ಮನೆಗಳನ್ನ ಉಳಿಸ್ಕೊಳ್ಳೋದು ಹೇಗೆ?

ಜಯನಗರದ ಅಗಲ ರಸ್ತೆ ಬಿಟ್ಟು ಭೈರಸಂದ್ರದ ಒಳಗೆ ಹೊಕ್ಕರೆ ದಾರಿ ತಾನಾಗೇ ಸಣ್ಣದಾಗುತ್ತೆ. ಅಡ್ಡರಸ್ತೆ, ಮೇನ್ ರೋಡು ಅನ್ನೋ ಲೆಕ್ಕ ತಪ್ಪುತ್ತೆ. ಒಂದು ತಿರುವಿನಲ್ಲಿ ಮಾರಮ್ಮನ ಗುಡಿ, ಇನ್ನೊಂದು ತಿರುವಿನಲ್ಲಿ ಅರಳಿಕಟ್ಟೆ. ಸಾರಕ್ಕಿ, ಜರಗನಹಳ್ಳಿ, ಯಡಿಯೂರು, ಕತ್ರಿಗುಪ್ಪೆ, ಕದಿರೇನಹಳ್ಳಿ, ತಾವರೆಕೆರೆ, ಪುಟ್ಟೇನಹಳ್ಳಿ, ಎಲ್ಲಾ ಕಡೆ ಇದೇ ಕಥೆ. ಬಡಾವಣೆ ನಕ್ಷೆ ಹಾಕೋ ಮೊದಲೇ ಇಲ್ಲಿ ಊರಿತ್ತು. ಊರು ಇದ್ದ ಜಾಗದಲ್ಲಿ ರಸ್ತೆ ಇವತ್ತಿಗೂ ಡೊಂಕಾಗೇ ಹೋಗುತ್ತೆ.

ಇಂಥ ಗಲ್ಲಿಗಳಲ್ಲಿ ನಾಲ್ಕು ಮಹಡಿ ಬಾಡಿಗೆ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ಉಳಿದಿದೆ. ಮುಂದೆ ಜಗಲಿ, ಎರಡು ಮರದ ಕಂಬ, ದಪ್ಪ ಗೋಡೆ. "ಅದೆಲ್ಲಾ ಹಳೇದು, ಇನ್ನೇನು ಬಿದ್ದೋಗುತ್ತೆ" ಅಂತ ದಾರೀಲಿ ಹೋಗೋರು ಹೇಳ್ತಾರೆ. ಆದರೆ ನೂರು ವರ್ಷ ನಿಂತ ಮನೆ ಬರೀ ವಯಸ್ಸಾಯ್ತು ಅಂತ ಬೀಳಲ್ಲ. ಬೀಳೋದಕ್ಕೆ ಮುಖ್ಯ ಕಾರಣ ಎರಡೇ: ಸೂರಿನಿಂದ ಇಳಿಯೋ ನೀರು, ಮನೆಯವರ ನಡುವೆ ತೀರ್ಮಾನ ಆಗದ ಪಾಲು. ಎರಡಕ್ಕೂ ಪರಿಹಾರ ಇದೆ. ಬಿಲ್ಡರ್ ಬಾಗಿಲು ತಟ್ಟೋ ಮೊದಲು ಮಾಡಬೇಕು, ಅಷ್ಟೇ.

ಬಡಾವಣೆಗಿಂತ ಮೊದಲು ಊರು

1898ರ ಪ್ಲೇಗ್ ಆದ ಮೇಲೆ ಪೇಟೆಯ ಇಕ್ಕಟ್ಟು ತಪ್ಪಿಸೋಕೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಆಗ ಬಸವನಗುಡಿಯಿಂದ ದಕ್ಷಿಣಕ್ಕೆ ಇದ್ದದ್ದು ಹೊಲ, ತೋಪು, ಕೆರೆ ಮತ್ತು ಸಣ್ಣ ಸಣ್ಣ ಹಳ್ಳಿ. ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನ 1915ರದ್ದು. ಅದು ಕಟ್ಟಿದಾಗ ಸುತ್ತ ಇದ್ದದ್ದು ಹಳ್ಳಿಗಾಡೇ. ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ. 1945ರಲ್ಲಿ ಶುರುವಾದ ಸಿಐಟಿಬಿ, ಆಮೇಲೆ 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಈ ಎರಡೂ ಹೊಲಗಳನ್ನ ಸ್ವಾಧೀನ ಮಾಡಿಕೊಂಡು ಸೈಟು ಮಾಡಿದವು. ಜನ ವಾಸ ಇದ್ದ ಗ್ರಾಮಠಾಣಗಳು ಬಹುತೇಕ ಹಾಗೇ ಉಳಿದವು. ಬಿಟಿಎಂ ಲೇಔಟ್ ಅನ್ನೋ ಹೆಸರಲ್ಲೇ ಮೂರು ಊರಿವೆ: ಭೈರಸಂದ್ರ, ತಾವರೆಕೆರೆ, ಮಡಿವಾಳ.

ಆದ್ದರಿಂದ ನಮ್ಮ ಏರಿಯಾದ ಹಳೇ ಮನೆ ಅಂದ್ರೆ ಬಸವನಗುಡಿಯ ಬಂಗಲೆ ಥರದ್ದಲ್ಲ. ಅದು ರೈತರ ಮನೆ. ರಾಗಿ, ದನ, ಕೂಡು ಕುಟುಂಬ, ಈ ಮೂರಕ್ಕೂ ಜಾಗ ಮಾಡಿ ಕಟ್ಟಿದ್ದು.

ಮನೆ ಒಳಗೆ ಏನೇನಿರುತ್ತೆ

ರಸ್ತೆ ಪಕ್ಕ ಜಗಲಿ. ಬಂದವರು ಮೊದಲು ಕೂರೋದು ಅಲ್ಲೇ. ಒಳಗೆ ಪಡಸಾಲೆ. ಸ್ವಲ್ಪ ಅನುಕೂಲಸ್ಥರ ಮನೆಯಾದ್ರೆ ನಡುವೆ ತೊಟ್ಟಿ, ಅಂದ್ರೆ ಮೇಲೆ ಆಕಾಶ ಕಾಣೋ ಚೌಕ. ನಾಲ್ಕೂ ಕಡೆ ಸೂರಿನ ನೀರು ಅಲ್ಲಿಗಿಳಿದು ಕಲ್ಲಿನ ಮೋರಿಯಲ್ಲಿ ಹೊರಗೆ ಹೋಗುತ್ತೆ. ಗಾಳಿ, ಬೆಳಕು ಬರೋದೂ ಅಲ್ಲಿಂದಲೇ. ತೊಟ್ಟಿ ಸುತ್ತ ದೇವರ ಕೋಣೆ, ಅಡುಗೆ ಮನೆ, ಕಾಳು ಕಡ್ಡಿ ಇಡೋ ಕೋಣೆ. ಮೇಲೆ ಅಟ್ಟ. ಹಿಂದೆ ಬಚ್ಚಲು, ಕೊಟ್ಟಿಗೆ, ಹಿತ್ತಿಲು. ರಾಗಿ ತುಂಬಿಡೋಕೆ ನೆಲದೊಳಗೆ ಹಗೇವು ತೋಡ್ತಿದ್ದರು. ಹಗೇವು ಇದ್ದ ಜಾಗ ಗೊತ್ತಿಲ್ಲದೆ ಅಲ್ಲಿ ಭಾರ ಹಾಕಿದ್ರೆ ನೆಲ ಕುಸಿಯೋ ಅಪಾಯ ಇದೆ. ಮನೆ ರಿಪೇರಿಗೆ ಮೊದಲು ಹಿರಿಯರನ್ನ ಕೇಳಿ ತಿಳ್ಕೊಳ್ಳಿ.

ಬುನಾದಿ ನಮ್ಮದೇ ಕಲ್ಲು. ಲಾಲ್‌ಬಾಗ್ ಬಂಡೆಯಲ್ಲಿ ಕಾಣೋ ಜಾತಿಯದ್ದೇ ಗಟ್ಟಿ ಕಲ್ಲು ಸುತ್ತಮುತ್ತ ಧಾರಾಳವಾಗಿತ್ತು. ಅದರ ಮೇಲೆ ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆ ಗೋಡೆ, ದಪ್ಪ ಒಂದೂವರೆಯಿಂದ ಎರಡು ಅಡಿ. ಬೇಸಿಗೆಯಲ್ಲಿ ಒಳಗೆ ತಂಪಿರೋದಕ್ಕೆ ಈ ದಪ್ಪವೇ ಕಾರಣ. ಮೇಲೆ ತೊಲೆ, ಜಂತೆ, ರೀಪು, ಹೆಂಚು. ಕೆಲವು ಮನೆಗಳಲ್ಲಿ ಹೆಂಚಿನ ಬದಲು ಕಲ್ಲು ಚಪ್ಪಡಿ, ಇಲ್ಲವೇ ಇಟ್ಟಿಗೆ ಮತ್ತು ಗಾರೆಯ ಮದ್ರಾಸ್ ತಾರಸಿ.

ವಯಸ್ಸು ಪತ್ತೆ ಮಾಡೋದು

"ನಮ್ಮ ಮನೆ ಇನ್ನೂರು ವರ್ಷದ್ದು" ಅಂತ ಹೇಳೋದು ಸುಲಭ. ನಿಜ ತಿಳೀಬೇಕಾದ್ರೆ ಮನೆಯನ್ನೇ ನೋಡಬೇಕು.

ಮೊದಲು ಹೆಂಚು. ಕುಂಬಾರರು ಕೈಯಲ್ಲಿ ಮಾಡಿದ ಅರ್ಧ ಕೊಳವೆ ಆಕಾರದ ನಾಡ ಹೆಂಚು ಹಳೇ ಪದ್ಧತಿ. ಚಪ್ಪಟೆಯಾದ, ಒಂದಕ್ಕೊಂದು ಕೂರೋ ಮಂಗಳೂರು ಹೆಂಚಿನ ಕಾರ್ಖಾನೆಯನ್ನ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ್ದು 1865ರಲ್ಲಿ. ಹಾಗಾಗಿ ಮೂಲದಿಂದಲೂ ಮಂಗಳೂರು ಹೆಂಚೇ ಹೊದಿಸಿದ ಮನೆ ಅದಕ್ಕಿಂತ ಹಳೇದಾಗೋಕೆ ಸಾಧ್ಯ ಇಲ್ಲ. ಆದರೆ ನಾಡ ಹೆಂಚು ತೆಗೆದು ಆಮೇಲೆ ಮಂಗಳೂರು ಹೆಂಚು ಹಾಕಿರಬಹುದು, ಅದನ್ನೂ ನೋಡ್ಕೊಳ್ಳಿ. ಒಂದು ಹೆಂಚು ತೆಗೆದು ತಿರುಗಿಸಿ ನೋಡಿ, ಕಾರ್ಖಾನೆ ಹೆಸರು ಅಚ್ಚಾಗಿರುತ್ತೆ. ಚಪ್ಪಡಿ ಕೆಳಗೆ ಕಬ್ಬಿಣದ ಗರ್ಡರ್ ಇದ್ರೆ ಅದರ ಮೇಲೂ ತಯಾರಕರ ಹೆಸರು ಹುಡುಕಿ. ಟಾಟಾ ಕಾರ್ಖಾನೆಯಲ್ಲಿ ಉಕ್ಕು ತಯಾರಾಗಿದ್ದು 1912ರಿಂದ ಈಚೆಗೆ. ಆ ಹೆಸರಿದ್ದರೆ ಗರ್ಡರ್ ಅದಕ್ಕಿಂತ ಹಿಂದಿನದಲ್ಲ.

ಆಮೇಲೆ ಕಾಗದ. ಹಳೇ ಕ್ರಯಪತ್ರ, ವಿಭಾಗ ಪತ್ರ, ಕಂದಾಯ ರಸೀದಿ ಟ್ರಂಕಿನಲ್ಲಿದ್ದರೆ ತೆಗೆದು ಫೋಟೊ ಹೊಡೆದಿಟ್ಟುಕೊಳ್ಳಿ. ಗ್ರಾಮ ನಕ್ಷೆ ಸರ್ಕಾರದ ಭೂದಾಖಲೆ ವೆಬ್‌ಸೈಟಿನಲ್ಲಿ ಸಿಗುತ್ತೆ. ನಿಮ್ಮ ಮನೆ ಗ್ರಾಮಠಾಣದ ಒಳಗಿದೆಯೋ ಹೊರಗಿದೆಯೋ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಋಣಭಾರ ಪತ್ರ, ಅಂದ್ರೆ ಇಸಿ, ಆನ್‌ಲೈನ್‌ನಲ್ಲಿ ಸಿಗೋದು ಏಪ್ರಿಲ್ 2004ರಿಂದ ಈಚಿನದ್ದು. ಹಿಂದಿನದ್ದು ಬೇಕಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಅರ್ಜಿ ಹಾಕಬೇಕು.

ಮೊದಲನೇ ಶತ್ರು: ನೀರು

ಮಣ್ಣಿನ ಗೋಡೆಗೆ ತಲೆ ಮೇಲೆ ಟೋಪಿ, ಕಾಲಿಗೆ ಬೂಟು ಇದ್ದರೆ ಸಾಕು ಅಂತ ಹಳೇ ಮೇಸ್ತ್ರಿಗಳು ಹೇಳ್ತಾರೆ. ಟೋಪಿ ಅಂದ್ರೆ ಸೂರು, ಬೂಟು ಅಂದ್ರೆ ಕಲ್ಲಿನ ಬುನಾದಿ. ಇವೆರಡರಲ್ಲಿ ಒಂದು ಕೆಟ್ಟರೂ ಗೋಡೆ ಹೋಗುತ್ತೆ.

ಒಂದು ಹೆಂಚು ಒಡೆದಾಗ ಮೊದಲು ನೆನೆಯೋದು ರೀಪು. ಆಮೇಲೆ ಜಂತೆ, ಆಮೇಲೆ ತೊಲೆ ತಲೆ ಗೋಡೆಯಲ್ಲಿ ಕೂತಿರೋ ಜಾಗ. ಅಲ್ಲಿ ಒದ್ದೆ ನಿಂತರೆ ಗೆದ್ದಲು ಬರುತ್ತೆ. ಕೆಲವು ವರ್ಷದಲ್ಲಿ ತೊಲೆ ಜಾರುತ್ತೆ. ಆಗ ಜನ "ಮನೆ ಹಳೇದಾಗಿತ್ತು, ಬಿತ್ತು" ಅಂತಾರೆ. ನಿಜವಾಗಿ ಬೀಳಿಸಿದ್ದು ಒಂದು ಹೆಂಚು.

ಒಂದು ಚದರ, ಅಂದ್ರೆ ನೂರು ಚದರ ಅಡಿ ಸೂರಿಗೆ ಸುಮಾರು 140ರಿಂದ 150 ಮಂಗಳೂರು ಹೆಂಚು ಬೇಕು. ವರ್ಷಕ್ಕೊಮ್ಮೆ ಬದಲಾಯಿಸಬೇಕಾಗೋದು ಸಾಮಾನ್ಯವಾಗಿ ಅದರಲ್ಲಿ ಕೆಲವನ್ನ ಮಾತ್ರ. ಮನೆ ಕೆಡವೋ ಕಡೆ ಹಳೇ ಹೆಂಚು ಸಿಗುತ್ತೆ. ಒಂದೇ ಅಳತೆ, ಒಂದೇ ಕಾರ್ಖಾನೆಯದ್ದಾದ್ರೆ ಸರಿಯಾಗಿ ಕೂರುತ್ತೆ. ಹಿತ್ತಿಲಲ್ಲಿ ನೂರು ಹೆಂಚು ಜೋಡಿಸಿ ಇಟ್ಕೊಂಡಿರೋದು ಒಳ್ಳೇದು.

ನಮ್ಮ ಊರಲ್ಲಿ ಮಳೆ ಏಪ್ರಿಲ್, ಮೇ ತಿಂಗಳಲ್ಲೇ ಗುಡುಗು, ಆಲಿಕಲ್ಲು ಸಮೇತ ಶುರುವಾಗುತ್ತೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರಾಗುತ್ತೆ. ಹಾಗಾಗಿ ಸೂರು ನೋಡೋಕೆ ಸರಿಯಾದ ಸಮಯ ಶಿವರಾತ್ರಿಯಿಂದ ಯುಗಾದಿವರೆಗೆ. ಆಲಿಕಲ್ಲು ಬಿದ್ದ ಮೇಲೆ ಇನ್ನೊಂದು ಸಲ ನೋಡಿ.

ನಗರದಲ್ಲಿ ಇನ್ನೂ ಮೂರು ತೊಂದರೆ ಸೇರಿಕೊಂಡಿವೆ.

ಮೊದಲನೇದು ರಸ್ತೆ. ಡಾಂಬರು ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲೆ ಬಂದಿದೆ, ಹಳೇ ಮನೆಯ ಹೊಸಿಲು ಕೆಳಗೆ ಹೋಗಿದೆ. ಮಳೆ ನೀರು ಒಳಗೆ ಬಾರದ ಹಾಗೆ ಅಂತ ಬಾಗಿಲ ಮುಂದೆ ಸಿಮೆಂಟು ಕಟ್ಟೆ ಮಾತ್ರ ಕಟ್ಟಿದ್ರೆ ನೀರು ಗೋಡೆ ಬುಡದಲ್ಲಿ ನಿಲ್ಲುತ್ತೆ. ಗೋಡೆ ಪಕ್ಕ ಸಣ್ಣ ಚರಂಡಿ ತೆಗೆದು ನೀರು ಹೊರಗೆ ಹೋಗೋ ದಾರಿ ಮಾಡಬೇಕು. ರಸ್ತೆ ಕೆಲಸಕ್ಕೆ ಬಂದಾಗ ಹಳೇ ಡಾಂಬರು ಕೆರೆದು ತೆಗೆದು ಹೊಸದು ಹಾಕಿ ಅಂತ ವಾರ್ಡಿನ ಇಂಜಿನಿಯರಿಗೆ ಬೀದಿಯವರೆಲ್ಲಾ ಸೇರಿ ಬರೆದುಕೊಡಿ.

ಎರಡನೇದು ಪಕ್ಕದ ಸೈಟಿನ ಬೇಸ್‌ಮೆಂಟು. ಪಕ್ಕದಲ್ಲಿ ಆಳಕ್ಕೆ ಅಗೆದರೆ ಮಣ್ಣಿನ ಗೋಡೆ ಬಿರುಕು ಬಿಡುತ್ತೆ. ಅಗೆಯೋ ಮೊದಲೇ ನಿಮ್ಮ ಗೋಡೆಗಳ ಫೋಟೊ ತಾರೀಖು ಸಮೇತ ತೆಗೆದಿಟ್ಟುಕೊಳ್ಳಿ. ಬಿರುಕಿನ ಮೇಲೆ ಅಡ್ಡ ಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕು ಬೆಳೀತಿದೆಯೋ ಇಲ್ಲವೋ ಅನ್ನೋದಕ್ಕೆ ಇದೇ ಸಾಕ್ಷಿ.

ಮೂರನೇದು ಸಿಮೆಂಟು. ಗೋಡೆ ಉದುರ್ತಿದೆ ಅಂತ ಮಣ್ಣಿನ ಗೋಡೆಗೆ ಸಿಮೆಂಟು ಪ್ಲಾಸ್ಟರ್ ಬಳಿಯೋದು ಎಲ್ಲಾ ಕಡೆ ಆಗೋ ತಪ್ಪು. ಮಣ್ಣಿನ ಗೋಡೆ ಉಸಿರಾಡಬೇಕು. ಒಳಗಿನ ತೇವ ಹೊರಗೆ ಹೋಗಬೇಕು. ಸಿಮೆಂಟು ಅದನ್ನ ಒಳಗೇ ಕಟ್ಟಿಹಾಕುತ್ತೆ. ಹೊರಗೆ ನೋಡೋಕೆ ಚೆಂದ, ಒಳಗೆ ಗೋಡೆ ಹಿಟ್ಟಾಗ್ತಿರುತ್ತೆ. ಸುಣ್ಣದ ಗಾರೆಯೇ ಸರಿ. ಸುಣ್ಣವನ್ನ ಎರಡು ಮೂರು ವಾರವಾದ್ರೂ ನೀರಲ್ಲಿ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಮರಳು ಸೇರಿಸಿ ಬಳಸಬೇಕು. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸೋ ಪದ್ಧತಿಯೂ ಇದೆ. ಸಿಮೆಂಟಿನ ಥರ ಮಾರನೇ ದಿನಕ್ಕೇ ಗಟ್ಟಿಯಾಗಲ್ಲ, ತಾಳ್ಮೆ ಬೇಕು. ಗೋಣಿಚೀಲ ಹೊದಿಸಿ ಒಂದು ವಾರವಾದ್ರೂ ತೇವ ಕಾಪಾಡಬೇಕು.

ಎರಡನೇ ಶತ್ರು: ಪಾಲು

ಅಜ್ಜಿ ತಾತ ಇರೋವರೆಗೆ ಮನೆ ಇರುತ್ತೆ. ಅವರು ಹೋದ ಮೇಲೆ ಖಾತಾ ಯಾರ ಹೆಸರಿಗೂ ಆಗಿರಲ್ಲ. ನಾಲ್ಕು ಜನ ಮಕ್ಕಳು ನಾಲ್ಕು ಕಡೆ. ಮನೆ ನನ್ನದಲ್ಲ ಅಂತ ಯಾರೂ ಹೆಂಚು ಹಾಕ್ಸಲ್ಲ, ನನ್ನದೂ ಹೌದು ಅಂತ ಯಾರೂ ಬಿಟ್ಟುಕೊಡಲ್ಲ. ಅಷ್ಟರಲ್ಲಿ ಸೂರು ಕುಸಿಯುತ್ತೆ. ಕಡೆಗೆ ಜಾಯಿಂಟ್ ಡೆವಲಪ್‌ಮೆಂಟ್ ಒಂದೇ ಒಪ್ಪಂದ ಆಗೋ ವಿಷಯ.

ಇಲ್ಲಿ ಕಾನೂನು ಮನೆಯವರ ಕೈಗೆ ಕೆಲವು ಹಿಡಿತ ಕೊಟ್ಟಿದೆ. ತುಂಬಾ ಜನಕ್ಕೆ ಗೊತ್ತಿಲ್ಲ.

ಹೊರಗಿನವರು ಪಾಲು ಕೊಂಡರೆ: ಕೂಡು ಕುಟುಂಬದ ವಾಸದ ಮನೆಯಲ್ಲಿ ಒಬ್ಬರು ತಮ್ಮ ಪಾಲನ್ನ ಹೊರಗಿನವರಿಗೆ ಮಾರಿದ್ರೆ, ಕೊಂಡವರು ನೇರವಾಗಿ ಬಂದು ಮನೆಯವರ ಜೊತೆ ಒಳಗೆ ಕೂರೋಕೆ ಹಕ್ಕಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಇದನ್ನ ಹೇಳುತ್ತೆ. ಆ ಹೊರಗಿನವರು ಪಾಲು ಕೇಳಿ ಕೋರ್ಟಿಗೆ ಹೋದರೆ, ಮನೆಯ ಪಾಲುದಾರರು ಆ ಪಾಲನ್ನ ತಾವೇ ಕೊಳ್ತೀವಿ ಅಂತ ಹೇಳಬಹುದು. ಬೆಲೆ ಕೋರ್ಟು ಕಟ್ಟುತ್ತೆ. ಇದು 1893ರ ವಿಭಾಗ ಕಾಯ್ದೆಯ 4ನೇ ಕಲಂ. ನಿಮ್ಮ ಮನೆಯಷ್ಟೇ ಹಳೇ ಕಾನೂನು, ಇನ್ನೂ ಜಾರಿಯಲ್ಲಿದೆ.

ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಒಬ್ಬರು ಮಾರೋಕೆ ಹೊರಟರೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಪ್ರಕಾರ, ಉಯಿಲು ಇಲ್ಲದೆ ತೀರಿಕೊಂಡವರ ಆಸ್ತಿ ಮೊದಲ ದರ್ಜೆ ವಾರಸುದಾರರಿಗೆ ಬಂದಾಗ, ಒಬ್ಬರು ತಮ್ಮ ಹಕ್ಕು ಮಾರೋದಾದ್ರೆ ಉಳಿದವರಿಗೆ ಮೊದಲು ಕೊಳ್ಳೋ ಹಕ್ಕಿದೆ.

ಹೆಣ್ಣುಮಕ್ಕಳನ್ನ ಬಿಟ್ಟು ಮಾಡೋ ತೀರ್ಮಾನ ನಿಲ್ಲಲ್ಲ: 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ 2005ರಲ್ಲಿ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿದ್ದ ವಿಭಾಗಗಳನ್ನ ಮಾತ್ರ ಮುಟ್ಟೋಕಾಗಲ್ಲ. ಅಕ್ಕ ತಂಗಿಯರನ್ನ ಕೂರಿಸ್ಕೊಂಡೇ ಮಾತಾಡಿ.

ಮನೆ ಉಳಿಸೋ ಮನಸ್ಸಿದ್ದವರು ಇಡೀ ಮನೆ ತಾವು ಇಟ್ಕೊಂಡು, ಉಳಿದವರಿಗೆ ಬೇರೆ ಆಸ್ತಿಯಲ್ಲೋ ದುಡ್ಡಿನಲ್ಲೋ ಸರಿದೂಗಿಸಿ ವಿಭಾಗ ಪತ್ರ ನೋಂದಣಿ ಮಾಡ್ಸಬಹುದು. ಕುಟುಂಬದೊಳಗಿನ ವಿಭಾಗ ಪತ್ರಕ್ಕೆ ಕ್ರಯಪತ್ರದಷ್ಟು ಸ್ಟಾಂಪು ಶುಲ್ಕ ಬೀಳಲ್ಲ. ಗೋಡೆ ಎಳೆದು ಮನೆಯನ್ನೇ ಎರಡು ಹೋಳು ಮಾಡೋದು ಕಡೇ ದಾರಿ. ತೊಟ್ಟಿ ನಡುವೆ ಗೋಡೆ ಬಂದ ದಿನ ನೀರು ಹರಿಯೋ ದಾರಿಯೂ ಕಟ್ಟುತ್ತೆ. ಏನೇ ಮಾಡಿದ್ರೂ ಕಾಗದಕ್ಕೆ ಸಹಿ ಹಾಕೋ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಸರ್ಕಾರ ಕಾಪಾಡುತ್ತಾ?

ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ನೂರು ವರ್ಷ ಆಯ್ತು ಅಂದ ಮಾತ್ರಕ್ಕೆ ಮನೆ ತಾನಾಗೇ ಸಂರಕ್ಷಿತ ಆಗಲ್ಲ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡರಲ್ಲೂ ಸರ್ಕಾರ ಅಧಿಸೂಚನೆ ಹೊರಡಿಸಿ ಘೋಷಿಸಿದ ಸ್ಮಾರಕಕ್ಕೆ ಮಾತ್ರ ರಕ್ಷಣೆ. ರೈತರ ಮನೆ ಆ ಪಟ್ಟಿಗೆ ಬರೋದು ಬಹಳ ಅಪರೂಪ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ "ಪಾರಂಪರಿಕ ಕಟ್ಟಡ" ಅನ್ನೋದಕ್ಕೆ ವ್ಯಾಖ್ಯಾನ ಇದೆ. ವಾಸ್ತುಶಿಲ್ಪ, ಇತಿಹಾಸ, ಸಂಸ್ಕೃತಿ ದೃಷ್ಟಿಯಿಂದ ಬೆಲೆಯುಳ್ಳದ್ದು ಅಂತ ಪ್ರಾಧಿಕಾರ ಘೋಷಿಸಿದ ಕಟ್ಟಡ ಅದು. ಇಲ್ಲೂ ಘೋಷಣೆ ಆಗಬೇಕು. 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಹಳೇ ಕಟ್ಟಡಗಳ ಪಟ್ಟಿ ಮಾಡಿದೆ. ಅಂಥ ಪಟ್ಟಿಯಲ್ಲಿ ಹೆಸರಿದ್ದರೆ ಗೌರವ, ಸಲಹೆ ಸಿಗುತ್ತೆ. ಆದರೆ ಅದೊಂದೇ ಜೆಸಿಬಿಯನ್ನ ನಿಲ್ಲಿಸಲ್ಲ.

ಸರ್ಕಾರಿ ಕಟ್ಟಡಕ್ಕೂ ಗ್ಯಾರಂಟಿ ಇಲ್ಲ ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇತ್ತು. ಲಾಲ್‌ಬಾಗ್ ಒಳಗಿನ ಕ್ರುಂಬಿಗಲ್ ಹಾಲ್. ಲಾಲ್‌ಬಾಗ್ ಬೆಳೆಸಿದ ಜರ್ಮನ್ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್ ಹೆಸರಿನದ್ದು. ವರ್ಷಗಟ್ಟಲೆ ರಿಪೇರಿ ಇಲ್ಲದೆ ಶಿಥಿಲವಾಗಿ, 2017ರ ನವೆಂಬರ್‌ನಲ್ಲಿ ಅದನ್ನ ಕೆಡವಿದರು. ಕಾವಲಿರೋ ತೋಟದ ಒಳಗೇ ಹಾಗಾದ್ರೆ ನಮ್ಮ ಗಲ್ಲಿಯ ಮನೆ ಕಥೆ ಕೇಳೋದೇ ಬೇಡ.

ಬೇರೆಯವರು ಹೇಗೆ ಮಾಡಿದ್ರು

ಕುಪ್ಪಳಿ: ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ಮಲೆನಾಡಿನ ದೊಡ್ಡ ತೊಟ್ಟಿ ಮನೆ. 1904ರಲ್ಲಿ ಹುಟ್ಟಿದ ಕವಿ 20ನೇ ಶತಮಾನದ ಮೊದಲ ವರ್ಷಗಳನ್ನ ಕಳೆದದ್ದು ಅಲ್ಲೇ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನ ಜೀರ್ಣೋದ್ಧಾರ ಮಾಡಿ 'ಕವಿಮನೆ' ಅಂತ ಮ್ಯೂಸಿಯಂ ಮಾಡಿದೆ. ಪಾತ್ರೆ, ತೊಟ್ಟಿಲು, ಕೃಷಿ ಸಾಮಾನು ಎಲ್ಲಾ ಅಲ್ಲಿವೆ. ಜೀರ್ಣೋದ್ಧಾರ ಆದ ಮೇಲೂ ಕೆಲಸ ಮುಗೀಲಿಲ್ಲ. 2015ರ ನವೆಂಬರ್‌ನಲ್ಲಿ ಅಲ್ಲಿಂದ ಕವಿಯ ಪದ್ಮ ಪ್ರಶಸ್ತಿ ಪದಕಗಳೇ ಕಳುವಾದವು. ಮನೆ ಉಳಿಸೋದು ಅಂದ್ರೆ ಒಂದು ಸಲ ರಿಪೇರಿ ಮಾಡೋದಲ್ಲ. ಸೂರು, ಕಾವಲು, ಖರ್ಚು ಮೂರನ್ನೂ ಪ್ರತಿ ವರ್ಷ ನೋಡಬೇಕು.

ತಾತಗುಣಿ: ಕನಕಪುರ ರಸ್ತೆಯಲ್ಲಿ, ನಮ್ಮ ಏರಿಯಾ ದಾಟಿದ ಮೇಲೆ ಸಿಗೋದು ಚಿತ್ರ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಚಿತ್ರನಟಿ ದೇವಿಕಾ ರಾಣಿ ಅವರ ತಾತಗುಣಿ ಎಸ್ಟೇಟ್. 450 ಎಕರೆಗೂ ಹೆಚ್ಚು. ಅದು ರೈತರ ಮನೆಯಲ್ಲ, ಕಾಲವೂ ಈಚಿನದ್ದು. ಆದರೂ ಪಾಠ ನಮಗೂ ಬೇಕು. 1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿ ಯಾರದು ಅಂತ ವ್ಯಾಜ್ಯ ಬೆಳೀತು. ರಾಜ್ಯ ಸರ್ಕಾರ 1996ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿ ಸ್ವಾಧೀನ ಮಾಡಿಕೊಂಡಿತು. ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿದದ್ದು 2011ರಲ್ಲಿ. ಅಷ್ಟು ಹೆಸರಾದವರ ಮನೆಗೇ ಇಷ್ಟು ವರ್ಷ ಹಿಡೀತು. ನಮ್ಮ ನಿಮ್ಮ ಮನೆಗೆ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಲ್ಲ. ಉಯಿಲು, ಕಾಗದ ನಾವೇ ಸರಿ ಇಡಬೇಕು.

ಮಣಿಪಾಲ: ಜಾಗದಲ್ಲೇ ಉಳಿಸೋಕಾಗದ ಮನೆಗಳನ್ನ ಬಿಚ್ಚಿ ತಂದು ಮತ್ತೆ ಕಟ್ಟಿದವರು ವಿಜಯನಾಥ ಶೆಣೈ. ಬ್ಯಾಂಕ್ ಕೆಲಸದಲ್ಲಿದ್ದ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ರಾಜ್ಯದ ಬೇರೆ ಬೇರೆ ಕಡೆಯ ಮನೆಗಳಿವೆ. ಜೆಸಿಬಿಯಲ್ಲಿ ಒಂದು ದಿನಕ್ಕೆ ಕೆಡವೋ ಮನೆಯನ್ನ ತುಂಡು ತುಂಡಾಗಿ ಬಿಚ್ಚಿ ಮತ್ತೆ ನಿಲ್ಲಿಸಬಹುದು ಅನ್ನೋದಕ್ಕೆ ಅದು ಸಾಕ್ಷಿ.

ಅಂಗಡಿ ಇಟ್ಟಿರೋರಿಗೆ

ಗ್ರಾಮಠಾಣದ ರಸ್ತೆಗೆ ಮುಖ ಮಾಡಿದ ಜಗಲಿಗಳು ಎಷ್ಟೋ ಕಡೆ ಅಂಗಡಿಯಾಗಿವೆ. ಅದರಲ್ಲಿ ತಪ್ಪೇನಿಲ್ಲ. ಬಾಡಿಗೆ ಬಂದರೆ ತಾನೇ ಹೆಂಚಿಗೆ ದುಡ್ಡು ಹುಟ್ಟೋದು. ಬೀಗ ಹಾಕಿದ ಮನೆಗಿಂತ ಅಂಗಡಿ ಇರೋ ಮನೆಯೇ ಹೆಚ್ಚು ದಿನ ಬಾಳುತ್ತೆ, ಯಾಕಂದ್ರೆ ಸೋರಿದ ದಿನವೇ ಗೊತ್ತಾಗುತ್ತೆ. ಆದರೆ ಇಷ್ಟು ನೆನಪಿಡಿ.

ರೋಲಿಂಗ್ ಶಟರ್‌ಗೆ ಅಂತ ಮುಂದಿನ ಗೋಡೆ ಒಡೆಯೋದು ಬೇಡ. ಅದು ಸೂರಿನ ಭಾರ ಹೊತ್ತ ಗೋಡೆ. ಒಡೆಯಲೇಬೇಕಾದ್ರೆ ಇಂಜಿನಿಯರ್ ಹೇಳಿದಂತೆ ಮೊದಲು ಮುಟ್ಟು ಕೊಟ್ಟು, ಮೇಲೆ ಬೀಮ್ ಕೂರಿಸಿ ಆಮೇಲೆ ಒಡೀರಿ. ಜಗಲಿ ಕಂಬ ತೆಗೀಬೇಡಿ. ಬೋರ್ಡು ಕಟ್ಟೋಕೆ ರೀಪಿಗೆ ಮೊಳೆ ಹೊಡೆದರೆ ಹೆಂಚು ಜಾರುತ್ತೆ, ಬೋರ್ಡಿಗೆ ಬೇರೆ ಕಂಬ ನಿಲ್ಲಿಸಿ. ಅಟ್ಟದ ಮೇಲೆ ಸರಕು ತುಂಬೋ ಮುಂಚೆ ಜಂತೆ ಗಟ್ಟಿ ಇದೆಯಾ ನೋಡಿ. ಹಳೇ ವೈರಿಂಗ್ ಬದಲಾಯಿಸಿ. ಒಣ ಮರದ ಮನೆಗೆ ಶಾರ್ಟ್ ಸರ್ಕ್ಯೂಟ್ ಆದ್ರೆ ಉಳಿಯೋದು ಬುನಾದಿ ಕಲ್ಲು ಮಾತ್ರ. ಹೆಂಚು, ಸುಣ್ಣದ ರಿಪೇರಿ ಯಾರ ಖರ್ಚು ಅನ್ನೋದನ್ನ ಬಾಡಿಗೆ ಕರಾರಿನಲ್ಲೇ ಬರೆದುಕೊಳ್ಳಿ.

ಉಳಿಸೋಕೆ ಆಗಲ್ಲ ಅಂತಾದ್ರೆ

ಎಲ್ಲಾ ಮನೆ ಉಳಿಯಲ್ಲ. ಮಗಳ ಓದು, ಮಗನ ಸಾಲ, ಆಸ್ಪತ್ರೆ ಖರ್ಚು ಬಂದಾಗ ಮಾರೋರನ್ನ ಬೈಯೋಕೆ ಯಾರಿಗೂ ಹಕ್ಕಿಲ್ಲ. ಕೆಡವೋ ಮೊದಲು ಎರಡು ದಿನ ತೆಗೆದಿಡಿ. ಟೇಪು ಹಿಡಿದು ಕೋಣೆ ಕೋಣೆ ಅಳೆದು ಕಾಗದದ ಮೇಲೆ ನಕ್ಷೆ ಬರೀರಿ. ಪ್ರತಿ ಕೋಣೆಯ ನಾಲ್ಕೂ ಗೋಡೆ, ಸೂರು, ಬಾಗಿಲ ಕೆತ್ತನೆ ಫೋಟೊ ತೆಗೀರಿ. ಮನೆಯ ಹಿರಿಯರನ್ನ ಪಡಸಾಲೆಯಲ್ಲೇ ಕೂರಿಸಿ, ಯಾವ ಕೋಣೆಯಲ್ಲಿ ಏನು ನಡೀತಿತ್ತು ಅಂತ ಮಾತಾಡ್ಸಿ ಫೋನಲ್ಲಿ ರೆಕಾರ್ಡ್ ಮಾಡಿ. ಕಂಬ, ಬಾಗಿಲು, ತೊಲೆ ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡಿ. ಹಳೇ ಮರಕ್ಕೆ ಒಳ್ಳೇ ಬೆಲೆ ಇದೆ, ಹೊಸ ಮನೆಗೆ ನೀವೇ ಬಳಸಿದ್ರೆ ಇನ್ನೂ ಒಳ್ಳೇದು.

ಉಳಿಸೋ ಮನಸ್ಸಿದ್ದವರಿಗೆ ಕೆಲಸ ಎರಡೇ. ಮಳೆಗೆ ಮುಂಚೆ ಒಂದು ದಿನ ಏಣಿ ಹಾಕಿ ಸೂರು ನೋಡಿ. ಯುಗಾದಿಗೋ ಊರ ಹಬ್ಬಕ್ಕೋ ಎಲ್ಲರೂ ಸೇರಿದಾಗ, ಊಟ ಆದ ಮೇಲೆ, ಆ ಟ್ರಂಕಿನ ಕಾಗದ ನಡುವೆ ಇಟ್ಕೊಂಡು ಅಕ್ಕ ತಂಗಿ ಅಣ್ಣ ತಮ್ಮಂದಿರು ಒಂದು ಗಂಟೆ ಕೂತು ಮಾತಾಡಿ. ಏಣಿ ಹತ್ತೋದಕ್ಕಿಂತ ಈ ಎರಡನೇದು ಕಷ್ಟ. ಅದಕ್ಕೇ ಅದನ್ನ ಮೊದಲು ಮಾಡಿ.